ಕಾರ್ಡ್ ಹೋಗಿರಲಿಲ್ಲ: ಮಳೆಗಾಲದಲ್ಲಿ ಹಳೇ ಕಂಪ್ಯೂಟರ್‌ಗೆ ಗ್ರಾಫಿಕ್ಸ್ ಕಾರ್ಡ್ ಹಾಕಿದ ಅನುಭವ

"ಕಾರ್ಡ್ ಹೋಗಿದೆ ಅಣ್ಣಾ, ತಂದಲ್ಲಿಗೇ ವಾಪಸ್ ಕೊಟ್ಬಿಡಿ."

ರಿಪೇರಿ ಅಂಗಡಿಯ ಹುಡುಗ ಹೀಗೆ ಹೇಳಿದಾಗ ಜುಲೈ ಎರಡನೇ ವಾರ. ಸೋಮವಾರಪೇಟೆಯಲ್ಲಿ ನಾಲ್ಕು ದಿನದಿಂದ ಮಳೆ ಬಿಟ್ಟಿರಲಿಲ್ಲ. ಕಾರ್ಡನ್ನು ಮೈಸೂರಿನಲ್ಲಿ ಸೆಕೆಂಡ್ ಹ್ಯಾಂಡ್ ತಂದಿದ್ದೆ. ಏಳು ದಿನದೊಳಗೆ ತೊಂದರೆ ಕಂಡರೆ ವಾಪಸ್ ತಗೊಳ್ತೀನಿ ಅಂತ ಮಾರಿದವರು ಹೇಳಿದ್ದರು. ಅದರಲ್ಲಿ ಮೂರು ದಿನ ಆಗಲೇ ಕಳೆದಿತ್ತು. ಆ ಮಳೆಯಲ್ಲಿ ಮತ್ತೆ ಮೈಸೂರಿಗೆ ಹೋಗುವ ಮುಂಚೆ ನಾನೇ ಒಮ್ಮೆ ಕೂತು ಪೂರ್ತಿ ನೋಡೋಣ ಅಂತ ಮನೆಗೆ ತಂದೆ. ಆಮೇಲಿನ ನಾಲ್ಕೈದು ದಿನ ನಾನು ಏನೇನು ಮಾಡಿದೆ ಅನ್ನುವುದನ್ನು ಬರೆಯುತ್ತಿದ್ದೇನೆ. ಮಲೆನಾಡಿನಲ್ಲಿ ಹಳೇ ಕಂಪ್ಯೂಟರ್ ಇಟ್ಟುಕೊಂಡವರಿಗೆ ಇದು ಖಂಡಿತ ಉಪಯೋಗಕ್ಕೆ ಬರುತ್ತದೆ.

ನಾನು ವಿಡಿಯೋ ತೆಗೆದು ಎಡಿಟ್ ಮಾಡುವವನು. ಮದುವೆ, ಗೃಹಪ್ರವೇಶ, ಹುತ್ತರಿ ಕೋಲಾಟ, ಎಲ್ಲ. ಕೊಡವ ಕುಟುಂಬಗಳ ಹಾಕಿ ಹಬ್ಬ 1997ರಲ್ಲಿ ಕರಡದಲ್ಲಿ ಶುರುವಾಯಿತಲ್ಲ, ಆಮೇಲೆ ನಮ್ಮ ಜಿಲ್ಲೆಯಲ್ಲಿ ಏಪ್ರಿಲ್-ಮೇ ಅಂದರೆ ಹಾಕಿ ಅಂತಲೇ ಆಗಿದೆ. ಬೇಸಿಗೆಯಲ್ಲಿ ತೆಗೆದ ಪಂದ್ಯಗಳನ್ನು ಮಳೆಗಾಲದಲ್ಲಿ ಕೂತು ಎಡಿಟ್ ಮಾಡುತ್ತೇನೆ. ಕಂಪ್ಯೂಟರ್ 2013ರಲ್ಲಿ ಅಸೆಂಬಲ್ ಮಾಡಿಸಿದ್ದು. ಎಚ್61 ಮದರ್‌ಬೋರ್ಡು (ಎಲ್ಲ ಭಾಗಗಳನ್ನೂ ಸಿಕ್ಕಿಸುವ ಮುಖ್ಯ ಬೋರ್ಡು), ಇಂಟೆಲ್ ಐ5-3470 ಪ್ರೊಸೆಸರ್. ರ‍್ಯಾಮ್ ಎಂಟು ಇದ್ದದ್ದನ್ನು ಹದಿನಾರು ಜಿಬಿ ಮಾಡಿದ್ದೆ, ಎಸ್‌ಎಸ್‌ಡಿ ಹಾಕಿದ್ದೆ. ಅದರಲ್ಲಿದ್ದ ಜಿಟಿ 610 ಗ್ರಾಫಿಕ್ಸ್ ಕಾರ್ಡಿಗೆ (ಪರದೆಗೆ ಚಿತ್ರ ಕಳಿಸುವ, ವಿಡಿಯೋ ಕೆಲಸಕ್ಕೆ ನೆರವಾಗುವ ಕಾರ್ಡು) 4ಕೆ ವಿಡಿಯೋ ತೋರಿಸಿದರೆ ಟೈಮ್‌ಲೈನ್ ನಿಂತೇ ಹೋಗುತ್ತಿತ್ತು. ಪೂರ್ತಿ ಹೊಸ ಮೆಷಿನ್‌ಗೆ ದುಡ್ಡು ಹೊಂದಿಸುವ ಸ್ಥಿತಿ ಇರಲಿಲ್ಲ. ಹಾಗಾಗಿ ಕಾರ್ಡ್ ಮಾತ್ರ ಬದಲಿಸುವುದು ಅಂತಾಯಿತು.

ಜಿಟಿಎಕ್ಸ್ 1650 ಆರಿಸಿದ್ದಕ್ಕೆ ಕಾರಣ ಇದೆ. 2019ರಲ್ಲಿ ಬಂದ ಕಾರ್ಡು, ಮೆಮೊರಿ 4 ಜಿಬಿ, ತಿನ್ನುವ ಕರೆಂಟು 75 ವ್ಯಾಟ್. ಕಾರ್ಡನ್ನು ಸಿಕ್ಕಿಸುವ ಬೋರ್ಡಿನ ಉದ್ದದ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಕೊಡಬಲ್ಲದ್ದೂ ಹೆಚ್ಚೆಂದರೆ 75 ವ್ಯಾಟ್. ಅಂದರೆ ಎಸ್‌ಎಂಪಿಎಸ್‌ನಿಂದ (ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಡಬ್ಬದಿಂದ) ಬೇರೆ ವೈರ್ ಎಳೆಯುವುದು ಬೇಡ. ಇದೇ ಕಾರ್ಡಿನಲ್ಲಿ ಆರು ಪಿನ್ನಿನ ಪವರ್ ಕೇಳುವ ಮಾಡೆಲ್ಲೂ ಇದೆ. ಕೊಳ್ಳುವಾಗ ಕಾರ್ಡಿನ ಮೇಲಂಚನ್ನು ನೋಡಿಯೇ ತಗೊಳ್ಳಿ. ನನ್ನ ಎಸ್‌ಎಂಪಿಎಸ್‌ನಲ್ಲಿ ಆರು ಪಿನ್ನಿನ ವೈರೇ ಇರಲಿಲ್ಲ.

ತಂದ ದಿನವೇ ಹಾಕಿದೆ. ಫ್ಯಾನ್ ತಿರುಗಿತು. ಹಳೇ ಮಾನಿಟರ್‌ಗೆ ಇರುವುದು ಹಳೇ ಕಾಲದ ವಿಜಿಎ ಪೋರ್ಟ್ ಮಾತ್ರ, ಹೊಸ ಕಾರ್ಡಿಗೆ ಆ ಪೋರ್ಟೇ ಇಲ್ಲ. ಹಾಗಾಗಿ ಮಾನಿಟರನ್ನು ಸದ್ಯಕ್ಕೆ ಬೋರ್ಡಿನ ವಿಜಿಎಗೇ ಸಿಕ್ಕಿಸಿದೆ. ವಿಂಡೋಸ್ ಬಂತು. ಆದರೆ ಸಿಕ್ಕಿಸಿದ ಭಾಗಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡಿನ ಸುಳಿವೇ ಇಲ್ಲ. ಬಯಾಸ್‌ನಲ್ಲಿ (ಬೋರ್ಡಿನೊಳಗೇ ಇರುವ, ವಿಂಡೋಸ್‌ಗಿಂತ ಮೊದಲು ಓಡುವ ಪ್ರೋಗ್ರಾಂನಲ್ಲಿ) ಮೊದಲ ಡಿಸ್‌ಪ್ಲೇ ಪಿಇಜಿ, ಅಂದರೆ ಸ್ಲಾಟಿನ ಕಾರ್ಡು, ಅಂತ ಬದಲಿಸಿದೆ. ಬೋರ್ಡಿನ ಸೆಲ್ ತೆಗೆದು ಹಾಕಿದೆ. ಏನೂ ಆಗಲಿಲ್ಲ. ಅಂಗಡಿಗೆ ಒಯ್ದಾಗ ಅಲ್ಲೂ ನನ್ನ ಮೆಷಿನ್‌ನಲ್ಲೇ ಹಾಕಿ ನೋಡಿದರು. ಕಾರ್ಡ್ ಹೋಗಿದೆ ಅಂದರು. ಹಳೇ ಬೋರ್ಡಿಗೆ ಹೊಸ ಕಾರ್ಡ್ ಹೊಂದುವುದಿಲ್ಲ ಅಂತಲೂ ಸೇರಿಸಿದರು.

ಈ ಎರಡನೇ ಮಾತು ನನಗೆ ಒಪ್ಪಿಗೆ ಆಗಲಿಲ್ಲ. ಪಿಸಿಐ ಎಕ್ಸ್‌ಪ್ರೆಸ್ಸಿನಲ್ಲಿ ಹೊಸ ತಲೆಮಾರಿನ ಕಾರ್ಡು ಹಳೇ ಸ್ಲಾಟಿನಲ್ಲೂ ಓಡುವ ಹಾಗೆಯೇ ಮಾಡಿರುತ್ತಾರೆ. ವೇಗ ಕಮ್ಮಿಯಾಗಬಹುದು, ಅಷ್ಟೆ. ಕೆಲವು ಹಳೇ ಬೋರ್ಡುಗಳಿಗೆ ಬಯಾಸ್ ಅಪ್‌ಡೇಟ್ ಬೇಕಾಗುತ್ತದೆ, ಅದು ನಿಜ. ಆದರೆ ಬಯಾಸ್ ಅಪ್‌ಡೇಟ್ ಮಾಡುವಾಗ ಮಧ್ಯೆ ಕರೆಂಟ್ ಹೋದರೆ ಬೋರ್ಡೇ ಹೋಗಬಹುದು. ನಮ್ಮಲ್ಲಿ ಜುಲೈ ತಿಂಗಳಲ್ಲಿ ಕರೆಂಟನ್ನು ನಂಬಿ ಆ ಕೆಲಸಕ್ಕೆ ಕೈ ಹಾಕುವುದುಂಟಾ? ಅದನ್ನು ಕೊನೆಗೆ ಇಟ್ಟುಕೊಂಡೆ.

ಮೊದಲು ಮಾಡಿದ ಕೆಲಸ ಕಾರ್ಡನ್ನು ಬೇರೆ ಮೆಷಿನ್‌ನಲ್ಲಿ ಹಾಕಿ ನೋಡುವುದು. ಕುಶಾಲನಗರದಲ್ಲಿ ಒಬ್ಬ ಸ್ನೇಹಿತನ ಮನೆಯಲ್ಲಿ ಡೆಸ್ಕ್‌ಟಾಪ್ ಇದೆ. ಕಾರ್ಡನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ, ಅದರ ಮೇಲೆ ಟವೆಲ್ ಸುತ್ತಿ, ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಹೋದೆ. ಅಲ್ಲಿ ಹಾಕಿದ ತಕ್ಷಣ ಬಂತು. ಒಂದು ಗಂಟೆ ಓಡಿಸಿದೆವು, ಒಂದು ಸಲವೂ ನಿಲ್ಲಲಿಲ್ಲ. ಹೊರಗೆ ಮಳೆ ಸುರಿಯುತ್ತಿತ್ತು, ಆದರೆ ನನಗೆ ಮಾತ್ರ ಬಿಸಿಲು ಬಿದ್ದ ಹಾಗಾಯಿತು. ಕಾರ್ಡ್ ಚೆನ್ನಾಗಿದೆ ಅಂದಮೇಲೆ ತೊಂದರೆ ನಮ್ಮನೆ ಕಡೆಯೇ ಇದೆ.

ಮನೆಗೆ ಬಂದು ಹಳೇ ಜಿಟಿ 610 ಅನ್ನೇ ಮತ್ತೆ ಹಾಕಿದೆ. ಈ ಸಲ ಅದೂ ಬರಲಿಲ್ಲ! ತೆಗೆದು ಇನ್ನೊಮ್ಮೆ ಒತ್ತಿ ಕೂರಿಸಿದೆ, ಬಂತು. ಕಾರ್ಡಿನ ಹಿಂಭಾಗವನ್ನು ಸ್ವಲ್ಪ ಎತ್ತಿ ಹಿಡಿದು ಆನ್ ಮಾಡಿದರೆ ಮತ್ತೆ ಇಲ್ಲ. ವರ್ಷಗಟ್ಟಲೆ ಅಲ್ಲಾಡದೆ ಕೂತಿದ್ದ ಕಾರ್ಡು ಅದು. ಕೂತ ಜಾಗದಲ್ಲಿ ಹೇಗೋ ನಡೆಯುತ್ತಿತ್ತು. ನಾನು ಅದನ್ನು ಎಳೆದಾಗ ಸ್ಲಾಟಿನ ಒಳಗಿನ ಕೊಳೆ ಕದಲಿತ್ತು.

ಟಾರ್ಚ್ ಬಿಟ್ಟು ನೋಡಿದೆ. ಹಳೇ ಕಾರ್ಡಿನ ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಕಂದು ಪೊರೆ ಕಟ್ಟಿತ್ತು. ಬ್ರಾಕೆಟ್ ಹಿಡಿದ ಸ್ಕ್ರೂ ತುಕ್ಕು ಹಿಡಿದು ತಲೆ ಸವೆದಿತ್ತು. ಸ್ಲಾಟಿನ ಸಂದಿಯಲ್ಲಿ ಧೂಳು ತೇವ ಕುಡಿದು ಬೂದು ಬಣ್ಣದ ಗಟ್ಟಿ ಹೆಪ್ಪಾಗಿತ್ತು. ನನ್ನ ಮೇಜು ಪಶ್ಚಿಮದ ಕಿಟಕಿಯ ಪಕ್ಕ ಇದೆ. ಮಂಜು ನೇರವಾಗಿ ಒಳಗೆ ಬರುವ ಜಾಗ. ಲೆನ್ಸ್‌ಗಳಿಗೆ ಬೂಷ್ಟು ಹಿಡಿಯಬಾರದು ಅಂತ ಬಲ್ಬ್ ಉರಿಯುವ ಪೆಟ್ಟಿಗೆ ಮಾಡಿ ಇಟ್ಟಿದ್ದೇನೆ. ಅದೇ ಕೋಣೆಯ ಕಂಪ್ಯೂಟರ್‌ಗೆ ಅಷ್ಟು ಆರೈಕೆ ಕೊಟ್ಟಿರಲಿಲ್ಲ. ಅದು ನನ್ನ ತಪ್ಪೇ.

ಪ್ಲಗ್ ಕಿತ್ತು, ಪವರ್ ಬಟನ್ ಒಮ್ಮೆ ಒತ್ತಿ ಉಳಿದ ಚಾರ್ಜ್ ಇಳಿಸಿದೆ. ಹೊಸ ಕಾರ್ಡಿನ ಹಲ್ಲುಗಳನ್ನು ಬಿಳಿ ರಬ್ಬರಿನಿಂದ ಒಂದೇ ದಿಕ್ಕಿನಲ್ಲಿ ಮೆಲ್ಲಗೆ ಉಜ್ಜಿದೆ. ರಬ್ಬರಿನ ಪುಡಿ ಉಳಿಯದ ಹಾಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಲ್ಲಿ ಒರೆಸಿದೆ. ಸ್ಲಾಟಿಗೆ ರಬ್ಬರ್ ಹಾಕಲು ಆಗುವುದಿಲ್ಲ. ಮೃದುವಾದ ಬ್ರಷ್ಷಿಗೆ ಅದೇ ಆಲ್ಕೋಹಾಲ್ ಮುಟ್ಟಿಸಿ ಉದ್ದಕ್ಕೆ ಎಳೆದೆ. ಮೂರನೇ ಸಲಕ್ಕೆ ಬ್ರಷ್ಷಿನ ತುದಿ ಕಾಫಿ ಬಣ್ಣ ಆಗುವುದು ನಿಂತಿತು. ಪೂರ್ತಿ ಆರಲಿ ಅಂತ ಅರ್ಧ ಗಂಟೆ ಟೇಬಲ್ ಫ್ಯಾನ್ ಮುಂದೆ ಇಟ್ಟೆ.

ಈ ಸಲ ಡಿವೈಸ್ ಮ್ಯಾನೇಜರ್‌ನಲ್ಲಿ ಕಾರ್ಡ್ ಕಾಣಿಸಿತು. ಕಾರ್ಡನ್ನು ವಿಂಡೋಸ್ ನಡೆಸಲು ಬೇಕಾದ ಡ್ರೈವರ್ ಇನ್ನೂ ಇಲ್ಲ, ಹಳದಿ ತ್ರಿಕೋನ ಇತ್ತು, ಆದರೂ ಬಂತಲ್ಲ! ಹಳೇ ಡ್ರೈವರನ್ನು ಡಿಡಿಯು ಅನ್ನುವ ಪ್ರೋಗ್ರಾಂ ಹಾಕಿ ಬುಡಸಮೇತ ತೆಗೆದೆ. ಹೊಸ ಡ್ರೈವರನ್ನು ಮೊಬೈಲ್ ನೆಟ್‌ವರ್ಕಿನಲ್ಲಿ ರಾತ್ರಿ ಇಡೀ ಇಳಿಸಿಕೊಂಡೆ. ಎಚ್‌ಡಿಎಂಐನಿಂದ ವಿಜಿಎಗೆ ಬದಲಿಸುವ ಕನ್ವರ್ಟರ್ ತಂದು ಮಾನಿಟರನ್ನು ಹೊಸ ಕಾರ್ಡಿಗೇ ಸಿಕ್ಕಿಸಿದೆ. ಈ ಕಾರ್ಡಿನ ಡಿವಿಐ ಅನ್ನುವ ಇನ್ನೊಂದು ಪೋರ್ಟಿನಲ್ಲಿ ವಿಜಿಎ ಸಿಗ್ನಲ್ ಇರುವುದಿಲ್ಲ. ಹಾಗಾಗಿ ಡಿವಿಐಗೆ ಹಾಕುವ ಸುಮ್ನೆ ಪಿನ್ ಬದಲಿಸುವ ಅಡಾಪ್ಟರ್ ತಂದರೆ ದುಡ್ಡು ದಂಡ. ಒಳಗೆ ಚಿಪ್ ಇರುವ ಕನ್ವರ್ಟರೇ ಬೇಕು.

ಇಲ್ಲಿಗೇ ಮುಗಿಯಿತು ಅಂತ ಬಿಟ್ಟಿದ್ದರೆ ಒಂದು ಮುಖ್ಯ ವಿಷಯ ತಪ್ಪಿ ಹೋಗುತ್ತಿತ್ತು. ಜಿಪಿಯು-ಝಡ್ ಅನ್ನುವ ಚಿಕ್ಕ ಪ್ರೋಗ್ರಾಂ ಇದೆ. ಅದರಲ್ಲಿ ಬಸ್ ಇಂಟರ್‌ಫೇಸ್ ಅನ್ನುವ ಸಾಲು ನೋಡಬೇಕು. ಕಾರ್ಡಿಗೂ ಬೋರ್ಡಿಗೂ ನಡುವೆ ಮಾಹಿತಿ ಓಡುವ ದಾರಿಗಳಿಗೆ ಲೇನ್ ಅಂತಾರೆ. ಕಾರ್ಡು ಹದಿನಾರು ಲೇನ್‌ನದ್ದು, ಆದರೆ ನನ್ನಲ್ಲಿ ಓಡುತ್ತಿದ್ದದ್ದು ನಾಲ್ಕೇ ಲೇನ್. ಕಾರ್ಡ್ ಸುಮ್ಮನೆ ಕೂತಾಗ ಕರೆಂಟ್ ಉಳಿಸಲು ಬಸ್ಸಿನ ವೇಗ ಇಳಿಯುತ್ತದೆ, ಅದು ಸಹಜ. ಅದಕ್ಕೇ ಪಕ್ಕದಲ್ಲಿರುವ ಪ್ರಶ್ನಾರ್ಥಕ ಚಿಹ್ನೆ ಒತ್ತಿ ರೆಂಡರ್ ಟೆಸ್ಟ್ ಓಡಿಸಿ ನೋಡಿದೆ. ವೇಗ ಪಿಸಿಐ ಎಕ್ಸ್‌ಪ್ರೆಸ್ 3.0ಕ್ಕೆ ಏರಿತು, ಲೇನ್ ಮಾತ್ರ ನಾಲ್ಕಕ್ಕೇ ನಿಂತಿತು. ಅಂದರೆ ಸ್ಲಾಟಿನ ಎಲ್ಲೋ ಕೆಲವು ಪಿನ್ನುಗಳು ಇನ್ನೂ ಮುಟ್ಟುತ್ತಿಲ್ಲ. ಮತ್ತೆ ಬಿಚ್ಚಿದೆ, ಮತ್ತೆ ಬ್ರಷ್ ಎಳೆದೆ, ಈ ಸಲ ಸ್ಲಾಟಿನ ಹಿಂದಿನ ಅರ್ಧಕ್ಕೆ ಜಾಸ್ತಿ ಗಮನ ಕೊಟ್ಟೆ. ಕ್ಯಾಬಿನೆಟ್ ಮಲಗಿಸಿ, ಕ್ಲಿಪ್ ಟಕ್ ಅನ್ನುವ ತನಕ ನೇರವಾಗಿ ಒತ್ತಿದೆ. ಆನ್ ಮಾಡಿದರೆ ಹದಿನಾರು ಬಂತು. ಪರದೆಯಲ್ಲಿ ಚಿತ್ರ ಮೂಡಿದ್ದಕ್ಕಿಂತ ಈ ಹದಿನಾರು ನೋಡಿದಾಗ ನನಗೆ ಹೆಚ್ಚು ಸಂತೋಷ ಆಯಿತು.

ಮಾರನೇ ದಿನ ಹಾಕಿ ಪಂದ್ಯದ ನಲವತ್ತು ನಿಮಿಷದ ವಿಡಿಯೋ ರೆಂಡರ್‌ಗೆ, ಅಂದರೆ ಎಡಿಟ್ ಮಾಡಿದ್ದನ್ನು ಕೊನೆಯ ಫೈಲ್ ಮಾಡಲು, ಹಾಕಿದೆ. ಆರು ನಿಮಿಷ ಆಗಿತ್ತೋ ಇಲ್ಲವೋ, ಮೆಷಿನ್ ತಟ್ಟನೆ ಆಫ್ ಆಗಿ ತಾನಾಗಿಯೇ ಆನ್ ಆಯಿತು. ನೀಲಿ ಪರದೆ ಇಲ್ಲ, ಮೆಸೇಜ್ ಇಲ್ಲ. ಮತ್ತೆ ಹಾಕಿದರೆ ನಾಲ್ಕು ನಿಮಿಷಕ್ಕೆ ಅದೇ ಕಥೆ. "ಕಾರ್ಡ್ ಬಿಸಿಯಾಗ್ತಿದೆಯೋ ಏನೋ ನೋಡಿ ರೀ" ಅಂದಳು ಹೆಂಡತಿ. ಸರಿಯಾದ ಪ್ರಶ್ನೆಯೇ. ಉಷ್ಣತೆ ಬರೆದಿಡುವ ಪ್ರೋಗ್ರಾಂ ಹಾಕಿ ನೋಡಿದೆ. ಆಫ್ ಆಗುವ ಹೊತ್ತಿಗೆ ಕಾರ್ಡ್ 66 ಡಿಗ್ರಿ, ಪ್ರೊಸೆಸರ್ 70. ಎರಡೂ ಆರಾಮಾಗಿವೆ. ವಿಂಡೋಸ್ ನಡೆದದ್ದನ್ನೆಲ್ಲ ಬರೆದಿಡುವ ಈವೆಂಟ್ ವ್ಯೂಯರ್‌ನಲ್ಲಿ ಕರ್ನಲ್-ಪವರ್ 41 ಅಂತ ಬಿದ್ದಿತ್ತು. ಮೆಷಿನ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತು ಅಂತ ಮಾತ್ರ ಅದರ ಅರ್ಥ. ಕಾರಣ ಏನು ಅಂತ ಅದು ಹೇಳುವುದಿಲ್ಲ.

ಎಸ್‌ಎಂಪಿಎಸ್ ಮೇಲೆ ಅನುಮಾನ ಬಂತು. ಚೀಟಿಯಲ್ಲಿ ದೊಡ್ಡದಾಗಿ 450 ವ್ಯಾಟ್ ಅಂತ ಬರೆದಿದೆ. ಕೆಳಗಿನ ಸಣ್ಣ ಅಕ್ಷರ ಓದಿದರೆ 12 ವೋಲ್ಟಿಗೆ 14 ಆಂಪಿಯರ್. ಗುಣಿಸಿದರೆ 168 ವ್ಯಾಟ್. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಮುಖ್ಯವಾಗಿ ನೆಚ್ಚಿಕೊಂಡಿರುವುದು ಈ 12 ವೋಲ್ಟನ್ನೇ. ಪ್ರೊಸೆಸರ್ 77, ಕಾರ್ಡ್ 75, ಸೇರಿದರೆ 152. ಅದರ ಮೇಲೆ ಎರಡು ಹಾರ್ಡ್ ಡಿಸ್ಕ್, ಮೂರು ಫ್ಯಾನ್. ಹೊಸದಾಗಿದ್ದಾಗಲೇ ಕಷ್ಟದ ಲೆಕ್ಕ ಇದು. ಇದಕ್ಕೆ ಹನ್ನೆರಡು ಮಳೆಗಾಲ ಆಗಿದೆ.

ಅನುಮಾನ ಅಂತ ಹೊಸದು ತರುವ ಬದಲು ಅಳೆದು ನೋಡಿದೆ. ಖಾಲಿ ಇದ್ದ ನಾಲ್ಕು ಪಿನ್ನಿನ ಕನೆಕ್ಟರ್‌ಗೆ ಮಲ್ಟಿಮೀಟರ್ ಕಡ್ಡಿಗಳನ್ನು ಚುಚ್ಚಿದೆ, ಕೆಂಪು ಕಡ್ಡಿ ಹಳದಿ ವೈರಿಗೆ, ಕಪ್ಪು ಕಡ್ಡಿ ಕಪ್ಪು ವೈರಿಗೆ. ಎರಡು ಕಡ್ಡಿಗಳ ತುದಿ ಒಂದಕ್ಕೊಂದು ತಾಗಬಾರದು, ಹುಷಾರು. ಸುಮ್ಮನಿದ್ದಾಗ 11.82. ರೆಂಡರ್ ಶುರು ಮಾಡಿದೆ. 11.60, 11.47. ಮಗ ಪರದೆ ನೋಡುತ್ತಾ ಎಷ್ಟು ಪರ್ಸೆಂಟ್ ಆಯಿತು ಅಂತ ಹೇಳುತ್ತಿದ್ದ, ನಾನು ಮೀಟರ್ ನೋಡುತ್ತಿದ್ದೆ. 11.31. 11.22. "ಅಪ್ಪಾ, ಹೋಯ್ತು!" ಅಂದ. 12 ವೋಲ್ಟ್ ಲೈನು 11.40ಕ್ಕಿಂತ ಕೆಳಗೆ ಇಳಿಯಬಾರದು ಅನ್ನುವುದು ನಿಯಮ. ಜಾಲರಿಯೊಳಗೆ ಟಾರ್ಚ್ ಹಾಯಿಸಿದಾಗ ಒಂದು ಕೆಪಾಸಿಟರ್ ನೆತ್ತಿ ಉಬ್ಬಿರುವುದೂ ಕಂಡಿತು. ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ನಾನು ಬಿಚ್ಚಲಿಲ್ಲ. ಪ್ಲಗ್ ಕಿತ್ತ ಮೇಲೂ ಒಳಗೆ ಅಪಾಯದಷ್ಟು ಚಾರ್ಜ್ ನಿಂತಿರುತ್ತದೆ. ಗೊತ್ತಿಲ್ಲದವರು ಅದಕ್ಕೆ ಕೈ ಹಾಕಲೇಬಾರದು.

ಇನ್ನೊಂದು ಪರೀಕ್ಷೆ ಬಾಕಿ ಇತ್ತು. ಕಾರ್ಡಿನ ಪವರ್ ಲಿಮಿಟನ್ನು ಸಾಫ್ಟ್‌ವೇರ್‌ನಲ್ಲಿ ಇಳಿಸಿ ಅದೇ ವಿಡಿಯೋ ಓಡಿಸಿದೆ. ನಿಧಾನ ಆಯಿತು, ಆದರೆ ಕೊನೆತನಕ ಓಡಿತು. ಇನ್ನು ಯಾವ ಅನುಮಾನವೂ ಉಳಿಯಲಿಲ್ಲ.

ಹೊಸ ಎಸ್‌ಎಂಪಿಎಸ್ ಕೂಡ 450 ವ್ಯಾಟಿನದೇ. ಆದರೆ ಇದಕ್ಕೆ 80 ಪ್ಲಸ್ ಬ್ರಾಂಜ್ ಅನ್ನುವ ದಕ್ಷತೆಯ ಗುರುತು ಇದೆ, 12 ವೋಲ್ಟಿಗೆ 30 ಆಂಪಿಯರ್‌ಗಿಂತ ಜಾಸ್ತಿ ಕೊಡುತ್ತದೆ. ಹಾಕುವಾಗ ಇನ್ನೊಂದು ಹಳೇ ತೊಂದರೆಯನ್ನೂ ಸರಿಮಾಡಿಸಿದೆ. ನನ್ನ ಕ್ಯಾಬಿನೆಟ್ ಮುಟ್ಟಿದರೆ ಯಾವಾಗಲೂ ಸಣ್ಣಗೆ ಜುಮ್ ಅನ್ನುತ್ತಿತ್ತು. ಎಸ್‌ಎಂಪಿಎಸ್‌ನ ಫಿಲ್ಟರ್‌ನಿಂದ ಕ್ಯಾಬಿನೆಟ್ಟಿನ ಮೈಗೆ ಬರುವ ಸಣ್ಣ ಕರೆಂಟ್ ಅರ್ತಿಂಗ್ ಮೂಲಕ ಭೂಮಿಗೆ ಹೋಗಬೇಕು. ನಮ್ಮ ಪ್ಲಗ್ ಪಾಯಿಂಟಿನಲ್ಲಿ ಅರ್ತ್ ವೈರ್ ತುಕ್ಕು ಹಿಡಿದು ತುಂಡಾಗಿತ್ತು. ಎಲೆಕ್ಟ್ರಿಷಿಯನ್ ಬಂದು ಹೊಸ ವೈರ್ ಎಳೆದರು. ಆ ಜುಮ್ ನಿಂತಿತು.

ಮೇಜನ್ನು ಒಳಗಿನ ಗೋಡೆಗೆ ಸರಿಸಿದ್ದೇನೆ. ಅದರ ಆಚೆ ಅಡಿಗೆ ಮನೆಯ ಒಲೆ ಇದೆ, ಗೋಡೆ ಬೆಚ್ಚಗಿರುತ್ತದೆ. ಕ್ಯಾಬಿನೆಟ್ ನೆಲ ಬಿಟ್ಟು ಸ್ಟೂಲಿನ ಮೇಲೆ ಕೂತಿದೆ. ಕೆಲಸ ಇಲ್ಲದ ದಿನವೂ ಮಳೆಗಾಲದಲ್ಲಿ ಒಂದು ಗಂಟೆ ಆನ್ ಮಾಡಿಡುತ್ತೇನೆ, ಒಳಗಿನ ಬಿಸಿಗೆ ತೇವ ಹೋಗಲಿ ಅಂತ.

ಹಾಕಿ ಪಂದ್ಯದ ವಿಡಿಯೋ ಆ ಶನಿವಾರ ಒಂದೇ ಸಲಕ್ಕೆ ಮುಗಿಯಿತು. ಮುಂಚೆ ರಾತ್ರಿ ಹಾಕಿ ಮಲಗಿದರೆ ಬೆಳಿಗ್ಗೆ ಆಗುತ್ತಿದ್ದ ಕೆಲಸ, ಈಗ ಅರ್ಧ ಗಂಟೆಯೂ ಹಿಡಿಯಲಿಲ್ಲ. ರೆಂಡರ್ ನಡೆಯುವಾಗಲೇ ಮತ್ತೆ ಅಳೆದೆ: ಸುಮ್ಮನಿದ್ದಾಗ 12.08, ಲೋಡಿನಲ್ಲಿ 11.97. ಈ ಎರಡು ಅಂಕಿ, ಲೇನ್ ಹದಿನಾರು, ಆವತ್ತಿನ ತಾರೀಕು, ಇಷ್ಟನ್ನೂ ಚೀಟಿಯಲ್ಲಿ ಬರೆದು ಕ್ಯಾಬಿನೆಟ್ ಬಾಗಿಲಿನ ಒಳಬದಿಗೆ ಅಂಟಿಸಿದ್ದೇನೆ. ಮುಂದಿನ ಸಲ ಬಿಚ್ಚಿದಾಗ ಹೋಲಿಸಿ ನೋಡುವುದಕ್ಕೆ.