ಆಫೀಸಿಗೂ ಅದೇ, ಆಗುಂಬೆಗೂ ಅದೇ: ಒಂದೇ ಸೈಕಲ್ಲಿನ ನನ್ನ ಅನುಭವ

ಮೈಸೂರಿನಲ್ಲಿ ಭಾನುವಾರ ನನ್ನ ಜೊತೆ ಸೈಕಲ್ ತುಳಿಯುವವರಲ್ಲಿ ಹೆಚ್ಚಿನವರ ಮನೆಯಲ್ಲಿ ಎರಡು ಸೈಕಲ್ ಇವೆ, ಕೆಲವರ ಹತ್ತಿರ ಮೂರು. ಡಾಂಬರಿಗೆ ರೋಡ್ ಬೈಕು, ಮಣ್ಣಿಗೆ ಎಂಟಿಬಿ (ಮೌಂಟನ್ ಬೈಕು), ಅಂಗಡಿಗೆ ಹೋಗಿಬರಲು ಒಂದು ಹಳೇದು. ನನ್ನ ಹತ್ತಿರ ಇರುವುದು ಒಂದೇ. 2016ರಲ್ಲಿ 18,000 ರೂಪಾಯಿಗೆ ಸೆಕೆಂಡ್ ಹ್ಯಾಂಡಲ್ಲಿ ತೊಗೊಂಡ ಸ್ಟೀಲ್ ಫ್ರೇಮಿನ ಟೂರಿಂಗ್ ಸೈಕಲ್. ಆಫೀಸು, ದೇವರಾಜ ಮಾರ್ಕೆಟ್ಟಿನ ತರಕಾರಿ, ಚಾಮುಂಡಿ ಬೆಟ್ಟ, ನಾಲೆ ಏರಿ, 300 ಕಿಲೋಮೀಟರಿನ ಬ್ರೆವೆ (ಕೊಟ್ಟ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ), ಉಡುಪಿಯವರೆಗಿನ ಪ್ರವಾಸ ಎಲ್ಲಾ ಅದರ ಮೇಲೇ ಆಗಿದೆ. ಹೊಸದಾಗಿ ಸೈಕಲ್ ತೊಗೊಳ್ಳೋರು ‘ಒಂದು ಸಾಕಾ?’ ಅಂತ ಕೇಳುತ್ತಲೇ ಇರುತ್ತಾರೆ. ಸಾಕು, ಆದರೆ ಯಾವ ಒಂದು ಅನ್ನೋದು ಮುಖ್ಯ. ಅದಕ್ಕೇ ಇಷ್ಟು ವಿವರ ಬರೆಯುತ್ತಿದ್ದೇನೆ.

ನಾನು ನೋಡಿದ್ದು ಮೂರೇ ವಿಷಯ. ಫ್ರೇಮಿನಲ್ಲಿ ದಪ್ಪ ಟೈರಿಗೆ ಜಾಗ ಇರಬೇಕು. ಏರು ಹತ್ತಲು ನಿಜವಾಗಿಯೂ ಹಗುರವಾದ ಗೇರ್ ಇರಬೇಕು. ಕ್ಯಾರಿಯರ್ರು, ಮಡ್‌ಗಾರ್ಡು ಕೂರಿಸಲು ಫ್ರೇಮಿನಲ್ಲೇ ಬೋಲ್ಟಿನ ತೂತುಗಳಿರಬೇಕು. ಬಣ್ಣ, ಕಂಪನಿ, ತೂಕ ಎಲ್ಲಾ ಆಮೇಲೆ. ಊರಲ್ಲಿ ಅಪ್ಪನ ಕರಿ ಸೈಕಲ್ಲು ಹಾಲಿನ ಕ್ಯಾನು, ಹಸಿ ಹುಲ್ಲಿನ ಹೊರೆ, ಜಾತ್ರೆಗೆ ಮಕ್ಕಳಾದ ನಮ್ಮಿಬ್ಬರನ್ನೂ ಹೊತ್ತಿದ್ದು ಕ್ಯಾರಿಯರ್ ಇದ್ದಿದ್ದರಿಂದಲೇ ಅಲ್ವಾ. ಈಗಿನ ಎಷ್ಟೋ ಒಳ್ಳೆಯ ಸೈಕಲ್ಲುಗಳಲ್ಲಿ ಅದನ್ನು ಹಾಕಲು ತೂತೇ ಇರುವುದಿಲ್ಲ. ಕೊಳ್ಳುವ ಮುಂಚೆ ಹಿಂದಿನ ಆಕ್ಸೆಲ್ ಹತ್ತಿರ ಬಗ್ಗಿ ನೋಡಿ.

ಟೈರಿನ ವಿಷಯದಲ್ಲಿ ನಾನು ಒಂದು ವರ್ಷ ಸುಮ್ನೆ ಕಷ್ಟಪಟ್ಟೆ. ಎರಡು ಜೊತೆ ಇಟ್ಟುಕೊಂಡಿದ್ದೆ, ಡಾಂಬರಿಗೆ 28 ಮಿಲಿಮೀಟರ್ ಅಗಲದವು, ಮಣ್ಣಿಗೆ 38ರವು. ಶನಿವಾರ ರಾತ್ರಿ ಕೂತು ಎರಡೂ ಚಕ್ರದ ಟೈರ್ ಬಿಚ್ಚಿ ಹಾಕುವುದು, ಸೋಮವಾರ ಬೆಳಗ್ಗೆ ಮತ್ತೆ ಅದೇ ಕೆಲಸ. ಬರುಬರುತ್ತಾ ಬಿಚ್ಚುವುದಕ್ಕೆ ಬೇಜಾರಾಗಿ ಮಣ್ಣಿನ ದಾರಿಗೆ ಹೋಗುವುದೇ ಕಮ್ಮಿಯಾಯಿತು. ಒಂದೇ ಸೈಕಲ್ಲಲ್ಲಿ ಎಲ್ಲಾ ಮಾಡಬೇಕು ಅಂತ ಹೊರಟವನಿಗೆ ಇದು ಸರಿಹೋಗುವುದಿಲ್ಲ. ಕೊನೆಗೆ 35 ಮಿಲಿಮೀಟರಿನ ಒಂದೇ ಜೊತೆಗೆ ಬಂದೆ. ಮಧ್ಯದಲ್ಲಿ ನುಣುಪು, ಅಂಚಿನಲ್ಲಿ ಸಣ್ಣ ಗುಬುಟು. ಈಗ ಟೈರ್ ಬದಲಿಸುವುದಿಲ್ಲ, ಗಾಳಿಯ ಒತ್ತಡ ಮಾತ್ರ ಬದಲಿಸುತ್ತೇನೆ, ಅದನ್ನು ಪಿಎಸ್‌ಐ ಲೆಕ್ಕದಲ್ಲಿ ಅಳೆಯುತ್ತಾರೆ. ನನ್ನ ತೂಕ 72 ಕಿಲೋ. ಆಫೀಸಿಗೆ ಮತ್ತು ಡಾಂಬರಿಗೆ ಹಿಂದೆ 55 ಪಿಎಸ್‌ಐ, ಮುಂದೆ 50. ನಾಲೆ ಏರಿಗೆ ಹಿಂದೆ 40, ಮುಂದೆ 35. ಲಗೇಜ್ ಕಟ್ಟಿದರೆ ಹಿಂದೆ 65. ಗೇಜ್ ಇರುವ ನಿಲ್ಲಿಸಿ ಹೊಡೆಯುವ ಪಂಪು ತೊಗೊಳ್ಳಿ, ಬೆರಳಲ್ಲಿ ಒತ್ತಿ ನೋಡಿದರೆ 40ಕ್ಕೂ 55ಕ್ಕೂ ವ್ಯತ್ಯಾಸ ಸರಿಯಾಗಿ ಗೊತ್ತಾಗುವುದಿಲ್ಲ.

28ರಿಂದ 35ಕ್ಕೆ ಬಂದಾಗ ನಿಧಾನ ಆಗುತ್ತದೇನೋ ಅಂತ ಭಯವಿತ್ತು. ಶ್ರೀರಂಗಪಟ್ಟಣದ ಕಡೆ ಗುಂಪಿನಲ್ಲಿ ಹೋಗುವಾಗ ನನಗಂತೂ ಏನೂ ಗೊತ್ತಾಗಲಿಲ್ಲ. ಕಿತ್ತುಹೋದ ರಸ್ತೆಯಲ್ಲಿ ಮಾತ್ರ ಚೆನ್ನಾಗಿ ಗೊತ್ತಾಯಿತು. ಮುಂಚೆ ಗುಂಡಿ ಕಂಡ ಕಡೆಯೆಲ್ಲಾ ಸೀಟಿನಿಂದ ಎದ್ದು ಬ್ರೇಕ್ ಹಿಡಿಯುತ್ತಿದ್ದವನು ಈಗ ತುಳಿಯುತ್ತಲೇ ದಾಟುತ್ತೇನೆ, ಮೊಣಕೈ ನೋವೂ ಹೋಗಿದೆ.

ತೂಕದ ಬಗ್ಗೆ ತುಂಬಾ ಜನ ಕೇಳುತ್ತಾರೆ. ಕ್ಯಾರಿಯರ್, ಮಡ್‌ಗಾರ್ಡ್ ಎಲ್ಲಾ ಸೇರಿ ನನ್ನ ಸೈಕಲ್ 14 ಕಿಲೋ. ಗೆಳೆಯನ ರೋಡ್ ಬೈಕು 9 ಕಿಲೋ. ಅಂತರ ಐದು ಕಿಲೋ, ಆದರೆ ಬೆಟ್ಟ ಹತ್ತಬೇಕಾಗಿರುವುದು ಸೈಕಲ್ ಒಂದೇ ಅಲ್ಲ, ಮೇಲೆ ಕೂತಿರುವ ನಾನೂ ಹತ್ತಬೇಕು. ನನ್ನ 72 ಕಿಲೋ ಸೇರಿಸಿದರೆ 86 ಕಿಲೋಗೂ 81 ಕಿಲೋಗೂ ಆರು ಪರ್ಸೆಂಟ್ ವ್ಯತ್ಯಾಸ ಅಷ್ಟೇ. ಅಂದರೆ ಅಷ್ಟೇ ಬಲ ಹಾಕಿದರೆ ಅರ್ಧ ಗಂಟೆಯ ಏರಿಗೆ ಎರಡು ನಿಮಿಷ ಜಾಸ್ತಿ. ಆ ಎರಡು ನಿಮಿಷ ನನಗೆ ದೊಡ್ಡದಲ್ಲ.

ದೊಡ್ಡದು ಗೇರ್. ಮುಂದೆ ಪೆಡಲಿನ ಹತ್ತಿರ 48, 36, 26 ಹಲ್ಲಿನ ಮೂರು ಚಕ್ರ, ಹಿಂದೆ 11ರಿಂದ 34 ಹಲ್ಲಿನವು. ಎಲ್ಲಕ್ಕಿಂತ ಹಗುರವಾದ ಗೇರಿನಲ್ಲಿ ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ 1.66 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 6 ಕಿಲೋಮೀಟರ್, ಹೆಚ್ಚುಕಡಿಮೆ ಬಿರುಸಿನ ನಡಿಗೆಯ ವೇಗ. ಉತ್ತನಹಳ್ಳಿ ಕಡೆಯಿಂದ ಚಾಮುಂಡಿ ಹತ್ತುವಾಗ ಆ ಗೇರ್ ಬೇಕೇ ಬೇಕು ಅಂತಿಲ್ಲ. ಆದರೆ ಅದೇ ಏರನ್ನು 15 ಕಿಲೋ ಲಗೇಜ್ ಕಟ್ಟಿಕೊಂಡು, ಬೆಳಗಿನಿಂದ 80 ಕಿಲೋಮೀಟರ್ ತುಳಿದು ಬಂದ ಮೇಲೆ ಹತ್ತಿ ನೋಡಿ. ಆಗ ಮಂಡಿಯನ್ನು ಕಾಪಾಡುವುದು ಆ 26 ಹಲ್ಲಿನ ಚಕ್ರ ಒಂದೇ. ದೊಡ್ಡ ಗೇರ್ ಇಲ್ಲದಿದ್ದರೆ ಇಳಿಜಾರಲ್ಲಿ ಸುಮ್ಮನೆ ಕೂತು ಉರುಳಬಹುದು, ಚಿಕ್ಕ ಗೇರ್ ಇಲ್ಲದಿದ್ದರೆ ಇಳಿದು ತಳ್ಳಲೇಬೇಕು.

ಬ್ರೆವೆಗೂ ಇದೇ ಸೈಕಲ್ ಸಾಕಾಯಿತು. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ ಸಮಯ ಕೊಡುತ್ತಾರೆ, 300ಕ್ಕೆ 20 ಗಂಟೆ. ಊಟ, ಕಾಫಿ, ಪಂಚರ್ ಎಲ್ಲಾ ಸೇರಿ ಗಂಟೆಗೆ 15 ಕಿಲೋಮೀಟರ್ ಬಂದರೆ ಮುಗಿಯುತ್ತದೆ. ರೇಸ್ ಸೈಕಲ್ ಇಲ್ಲ ಅಂತ ಹಿಂದೇಟು ಹಾಕಬೇಡಿ. ನನಗೆ ತೊಂದರೆ ಕೊಟ್ಟಿದ್ದು ಕೈ. ನೇರ ಹ್ಯಾಂಡಲ್ಲನ್ನು ಒಂದೇ ರೀತಿ ಹಿಡಿದು 300 ಮುಗಿಸುವ ಹೊತ್ತಿಗೆ ಎರಡೂ ಕಿರುಬೆರಳು ಮರಗಟ್ಟಿದ್ದವು, ಮೂರು ದಿನ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗಲಿಲ್ಲ. ಆಮೇಲೆ ಹ್ಯಾಂಡಲ್ ತುದಿಗೆ ಕೊಂಬು ಹಾಕಿಸಿ, ಹ್ಯಾಂಡಲ್ಲನ್ನು ಎರಡು ಸೆಂಟಿಮೀಟರ್ ಎತ್ತರಿಸಿದೆ. ಹತ್ತು ನಿಮಿಷಕ್ಕೊಮ್ಮೆ ಹಿಡಿತ ಬದಲಿಸಲು ಜಾಗ ಸಿಕ್ಕಿತು, ಮತ್ತೆ ಆ ತೊಂದರೆ ಬಂದಿಲ್ಲ. ರಾತ್ರಿಗೆ ಲೈಟು ಉರಿಸಲು ಮುಂದಿನ ಚಕ್ರದ ಮಧ್ಯದ ಹಬ್‌ನಲ್ಲೇ ಡೈನಮೋ ಇದೆ. ಟೈರಿಗೆ ಉಜ್ಜಿಕೊಂಡು ‘ಗುರ್ರ್’ ಅನ್ನುತ್ತಿದ್ದ ಹಳೆಯ ಡೈನಮೋದಷ್ಟು ಎಳೆತ ಇಲ್ಲ, ಸದ್ದೂ ಇಲ್ಲ. ಆಫೀಸಿನಿಂದ ತಡವಾಗಿ ಬರುವಾಗಲೂ ಅದೇ ಲೈಟು, ಚಾರ್ಜ್ ಮಾಡುವುದು ಮರೆಯಿತು ಅನ್ನೋ ಮಾತಿಲ್ಲ.

ನಿಜವಾದ ಪಾಠ ಕಲಿತಿದ್ದು 2018ರ ಡಿಸೆಂಬರಿನಲ್ಲಿ, ಹಾಸನ, ಬೇಲೂರು, ಚಿಕ್ಕಮಗಳೂರು, ಶೃಂಗೇರಿ, ಆಗುಂಬೆ ಹಾದು ಉಡುಪಿಗೆ ಹೋದಾಗ. ಆಲ್ದೂರು ದಾಟಿದ ಮೇಲೆ ಹಿಂದಿನ ಚಕ್ರ ಪಂಚರ್ ಆಯಿತು. ಬೇರೆ ಟ್ಯೂಬ್ ಹಾಕಿ ಸಣ್ಣ ಪಂಪಿನಲ್ಲಿ ಗಾಳಿ ಹೊಡೆಯುವಾಗ ಅದರ ತೆಳ್ಳನೆಯ ವಾಲ್ವು ಬುಡದಲ್ಲೇ ಮುರಿಯಿತು. ಹತ್ತಿರದ ಸೈಕಲ್ ಅಂಗಡಿಯಲ್ಲಿ ನಮ್ಮ ಕರಿ ಸೈಕಲ್ಲಿನ 28 ಇಂಚಿನ ಟ್ಯೂಬ್ ಇತ್ತು. ಆ ಟ್ಯೂಬು ನನ್ನ 700ಸಿ ಅನ್ನೋ ಅಳತೆಯ ಚಕ್ರಕ್ಕೂ ಹೊಂದುತ್ತದೆ, ಅಳತೆಯಲ್ಲಿ ಅಂತರ ತುಂಬಾ ಸ್ವಲ್ಪ. ಆದರೆ ಅದರ ವಾಲ್ವ್ ದಪ್ಪ, ನನ್ನ ರಿಮ್ಮಿನ ತೂತು ಸಣ್ಣದು, ಆರೂವರೆ ಮಿಲಿಮೀಟರ್. ಎದುರಿಗೇ ಟ್ಯೂಬ್ ಇದೆ, ಹಾಕಲು ಆಗುತ್ತಿಲ್ಲ! ಕೊನೆಗೆ ಹಳೆಯ ಟ್ಯೂಬಿಗೇ ಸೊಲ್ಯೂಷನ್ ಹಾಕಿ ಪ್ಯಾಚ್ ಅಂಟಿಸಿಕೊಂಡು ಹೊರಟೆ.

ಮಾರನೇ ದಿನ ಬಾಳೆಹೊನ್ನೂರಿನ ಈಚೆಗೆ ‘ಟಣ್’ ಅಂತ ಸದ್ದು. ಹಿಂದಿನ ಚಕ್ರದ ಬಲಗಡೆಯ ಒಂದು ಕಡ್ಡಿ ಹೋಗಿತ್ತು. ಬೇರೆ ಕಡ್ಡಿ ಕಟ್ಟಿಕೊಂಡು ಹೋಗಿದ್ದೆ, ಆದರೆ ಬಲಗಡೆ ಹಾಕಬೇಕೆಂದರೆ ಹಿಂದಿನ ಗೇರಿನ ಗುಚ್ಛವನ್ನೇ ಬಿಚ್ಚಬೇಕು. ಆ ಟೂಲ್ ನನ್ನ ಹತ್ತಿರ ಇರಲಿಲ್ಲ. ಮುರಿದ ಕಡ್ಡಿಯನ್ನು ಪಕ್ಕದ ಕಡ್ಡಿಗೆ ಸುತ್ತಿ, ಅದರ ಎರಡೂ ಪಕ್ಕದ ಕಡ್ಡಿಗಳನ್ನು ಅರ್ಧ ಸುತ್ತು ಸಡಿಲ ಮಾಡಿದೆ. ಬೆಂಡು ಮುಕ್ಕಾಲು ಪಾಲು ಹೋಯಿತು. ಹಿಂದಿನ ಬ್ರೇಕನ್ನು ಸ್ವಲ್ಪ ಅಗಲಿಸಿ, ಲಗೇಜಿನಲ್ಲಿ ಅರ್ಧ ಮುಂದಕ್ಕೆ ಕಟ್ಟಿಕೊಂಡು ಶೃಂಗೇರಿ ಸೇರಿದೆ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ 14 ತಿರುವುಗಳನ್ನು ಅದೇ ಚಕ್ರದಲ್ಲಿ, ಒಂದೊಂದು ತಿರುವಿಗೂ ವೇಗ ಪೂರ್ತಿ ಕಮ್ಮಿ ಮಾಡಿಕೊಂಡು ಇಳಿದೆ. ಸಂಜೆ ಬಿಸಿಲು ಕಾಡಿನ ಮೇಲೆ ಬಿದ್ದಿತ್ತು. ಹೆದರಿಕೆಯ ನಡುವೆಯೂ ಎರಡು ಕಡೆ ನಿಂತು ನೋಡಿದೆ.

ಊರಿಗೆ ಬಂದು ಹಿಂದಿನ ಚಕ್ರವನ್ನು ಪೂರ್ತಿ ಹೊಸದಾಗಿ ಕಟ್ಟಿಸಿದೆ. ಮುಂಚೆ 32 ಕಡ್ಡಿ ಇತ್ತು, ಈಗ 36. ಕರಿ ಸೈಕಲ್ಲಿನಲ್ಲಿ ಮುಂದೆ 32, ಹಿಂದೆ 40 ಕಡ್ಡಿ ಇರುತ್ತಿದ್ದವು. ಭಾರ ಬೀಳುವುದು ಹಿಂದೆ ಅಂತ ಗೊತ್ತಿದ್ದವರು ಮಾಡಿದ ಲೆಕ್ಕ ಅದು. ಹೊಸ ರಿಮ್ಮಿಗೆ ದಪ್ಪ ವಾಲ್ವಿನ ಎಂಟೂವರೆ ಮಿಲಿಮೀಟರಿನ ತೂತಿದೆ, ಮುಂದಿನ ರಿಮ್ಮಿನದನ್ನೂ ಡ್ರಿಲ್ ಹಾಕಿಸಿ ಅಷ್ಟೇ ಮಾಡಿಸಿದೆ. ಈಗ ಯಾವ ಹಳ್ಳಿಯ ಪಂಚರ್ ಅಂಗಡಿಯ 28 ಇಂಚಿನ ಟ್ಯೂಬ್ ಆದರೂ ನನಗೆ ಆಗುತ್ತದೆ. ದೂರ ಹೋಗುವ ಸೈಕಲ್ಲಿಗೆ ನಾನು ಮಾಡಿಸಿದ ಕೆಲಸಗಳಲ್ಲಿ ಎಲ್ಲಕ್ಕಿಂತ ಕಮ್ಮಿ ಖರ್ಚಿನದು, ಎಲ್ಲಕ್ಕಿಂತ ಉಪಯೋಗದ್ದು ಇದೇ.

ದಿನದ ಓಡಾಟದ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಮನೆಯಿಂದ ಆಫೀಸಿಗೆ 9 ಕಿಲೋಮೀಟರ್. ಮಡ್‌ಗಾರ್ಡ್ ಇರುವುದರಿಂದ ಮಳೆ ನಿಂತ ಮೇಲಿನ ಒದ್ದೆ ರಸ್ತೆಯಲ್ಲಿ ಬೆನ್ನಿಗೆ ಕೆಸರು ಹಾರುವುದಿಲ್ಲ. ಕ್ಯಾರಿಯರ್ರಿನ ಎರಡೂ ಕಡೆ ಚೀಲ ನೇತುಹಾಕಿದರೆ ವಾರದ ತರಕಾರಿ, ತೆಂಗಿನಕಾಯಿ ಎಲ್ಲಾ ಬರುತ್ತದೆ. ಭಾರವನ್ನು ಆದಷ್ಟು ಕೆಳಗೆ, ಎರಡೂ ಕಡೆ ಸಮ ಮಾಡಿ ಇಡಿ. ಇಲ್ಲದಿದ್ದರೆ ನಿಧಾನಕ್ಕೆ ಹೋಗುವಾಗ ಹ್ಯಾಂಡಲ್ ಒಂದು ಕಡೆ ಎಳೆಯುತ್ತದೆ.

ಎರಡು ಕಡೆ ಈ ಸೈಕಲ್ ಆಗುವುದಿಲ್ಲ. ಗಂಟೆಗೆ 35ರ ಮೇಲೆ ಹೊರಡುವ ರೇಸ್ ಹುಡುಗರ ಗುಂಪಿನಲ್ಲಿ ಬಹಳ ಹೊತ್ತು ನಿಲ್ಲಲಾಗುವುದಿಲ್ಲ. ಬಂಡೆ, ಬೇರು ತುಂಬಿದ ಕಡಿದಾದ ಇಳಿಜಾರಿನಲ್ಲಿ ಶಾಕ್ ಇಲ್ಲದ ಮುಂದಿನ ಫೋರ್ಕು ಕೈ ಮುರಿಯುವಷ್ಟು ಕುಲುಕುತ್ತದೆ. ಅವೆರಡನ್ನೇ ಇಷ್ಟಪಡುವವರು ಅದಕ್ಕೆ ತಕ್ಕ ಸೈಕಲ್ಲೇ ತೊಗೊಳ್ಳಿ.

ದಿನಾ ತುಳಿಯುವ ಸೈಕಲ್ಲಿನಲ್ಲೇ ಪ್ರವಾಸಕ್ಕೂ ಹೋಗುವುದರಲ್ಲಿ ನನಗೆ ಸಿಕ್ಕ ದೊಡ್ಡ ಲಾಭ ಬೇರೆ. ಅದರ ಒಂದೊಂದು ಸದ್ದೂ ಗೊತ್ತು. ಚೈನು ಒಣಗಿದ್ದು, ಪೆಡಲ್ ಸಡಿಲವಾಗಿದ್ದು, ಬ್ರೇಕ್ ರಬ್ಬರಿನಲ್ಲಿ ಕಲ್ಲು ಸಿಕ್ಕಿದ್ದು ಆಫೀಸಿನ ದಾರಿಯಲ್ಲೇ ಕೇಳಿಸುತ್ತದೆ, ಘಾಟಿಯವರೆಗೆ ಕಾಯುವುದಿಲ್ಲ. ಹೋದ ವಾರ ಬ್ರೇಕ್ ಹಿಡಿದಾಗ ಮುಂದಿನ ರಿಮ್ಮಿನಿಂದ ಒಂದು ಕರಕರ ಶುರುವಾಯಿತು. ಕೈ ಆಡಿಸಿ ನೋಡಿದರೆ ಬ್ರೇಕ್ ಉಜ್ಜುವ ಜಾಗ ಬಟ್ಟಲಿನ ಹಾಗೆ ಒಳಕ್ಕೆ ಸವೆದಿದೆ. ಮಳೆಗಾಲದ ಕೆಂಪು ಕೆಸರು ರಿಮ್ಮನ್ನು ಉಪ್ಪುಕಾಗದದ ಹಾಗೆ ತಿನ್ನುತ್ತದೆ. ಈ ತಿಂಗಳ ಸಂಬಳದಲ್ಲಿ ಅದಕ್ಕೂ 36 ಕಡ್ಡಿಯ, ದಪ್ಪ ತೂತಿನ ಹೊಸ ರಿಮ್ ಹಾಕಿಸಬೇಕು. ಹಬ್ಬು ಡೈನಮೋದ್ದು, ಅದರಲ್ಲಿ ಎಷ್ಟು ತೂತಿದೆ ಅಂತ ಮೊದಲು ಎಣಿಸಿಕೊಳ್ಳಬೇಕು.