ಜಾರ್‌ನ ಹೊರಗಿನ ಫೋಲ್ಡರ್‌ನಿಂದ ಫೈಲ್ ಕೊಡುವುದು ಹೇಗೆ?

ಬಳಕೆದಾರರು ಅಪ್‌ಲೋಡ್ ಮಾಡಿದ ಫೋಟೊಗಳನ್ನು ಪ್ರಾಜೆಕ್ಟಿನ ‘ಸ್ಟ್ಯಾಟಿಕ್’ ಫೋಲ್ಡರ್‌ನಲ್ಲೇ ಉಳಿಸುವವರನ್ನು ತುಂಬ ನೋಡಿದ್ದೇನೆ. ಕೋಡ್ ಬರೆಯುವ ಕಂಪ್ಯೂಟರಿನಲ್ಲಿ ಅದು ಹೇಗೋ ನಡೆದುಬಿಡುತ್ತದೆ. ಸರ್ವರ್‌ಗೆ ಹಾಕಿದ ಮೇಲೆ ನಿಲ್ಲುತ್ತದೆ. ಬಿಲ್ಡ್ ಆದಾಗ ಆ ಫೋಲ್ಡರ್ ಜಾರ್ (ಇಡೀ ಜಾವಾ ಆ್ಯಪ್ ತುಂಬಿದ ಒಂದೇ ಫೈಲ್) ಒಳಗೆ ಸೇರಿಹೋಗಿರುತ್ತದೆ, ಓಡುತ್ತಿರುವ ಜಾರ್‌ಗೆ ಹೊಸ ಫೈಲ್ ತುಂಬುವಂತಿಲ್ಲ. ಹಾಗಾಗಿ ಅಪ್‌ಲೋಡ್‌ಗಳ ಜಾಗ ಜಾರ್‌ನ ಹೊರಗೆ. ಜಾವಾದಲ್ಲಿ ವೆಬ್ ಆ್ಯಪ್ ಕಟ್ಟುವ ಸ್ಪ್ರಿಂಗ್ ಬೂಟ್ ಮತ್ತು ಅದರೊಳಗೇ ಬರುವ ಟಾಮ್‌ಕ್ಯಾಟ್ ಎಂಬ ವೆಬ್ ಸರ್ವರ್ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಫೋಲ್ಡರ್ ಮಾಡಿ. ‘/ಡೇಟಾ/ಅಪ್‌ಲೋಡ್ಸ್’ ಎಂದಿಟ್ಟುಕೊಳ್ಳೋಣ.

ಎರಡನೆಯದು, ಆ ಫೋಲ್ಡರ್ ಎಲ್ಲಿದೆ ಎಂದು ಸ್ಪ್ರಿಂಗ್‌ಗೆ ಹೇಳುವುದು. ಎಡವುವುದೆಲ್ಲ ಇಲ್ಲೇ. ‘ವೆಬ್‌ಎಂವಿಸಿ‌ಕಾನ್ಫಿಗರರ್’ (ಸ್ಪ್ರಿಂಗ್‌ನ ವೆಬ್ ಸೆಟ್ಟಿಂಗ್ ಬದಲಿಸುವ ಇಂಟರ್‌ಫೇಸ್) ಬಳಸುವ ಒಂದು ಕ್ಲಾಸ್ ಬರೆದು, ಅದರಲ್ಲಿ ರಿಸೋರ್ಸ್ ಹ್ಯಾಂಡ್ಲರ್ (ವಿಳಾಸಕ್ಕೆ ತಕ್ಕ ಫೈಲ್ ಹುಡುಕಿ ಕೊಡುವ ಭಾಗ) ಸೇರಿಸಿ. ‘/ಫೈಲ್ಸ್/’ ಎಂದು ಬರುವ ವಿಳಾಸಗಳಿಗೆ ‘ಫೈಲ್:/ಡೇಟಾ/ಅಪ್‌ಲೋಡ್ಸ್/’ ಎಂಬ ಜಾಗ ತೋರಿಸಿ. ಈ ಒಂದು ಸಾಲಿನ ಒಂದೊಂದು ಅಕ್ಷರಕ್ಕೂ ಕೆಲಸವಿದೆ.

ಆರಂಭದ ‘ಫೈಲ್:’ ಬಿಟ್ಟರೆ ಸ್ಪ್ರಿಂಗ್ ಡಿಸ್ಕ್ ಕಡೆ ನೋಡುವುದೇ ಇಲ್ಲ, ಆ್ಯಪ್‌ನ ಒಳಗೇ ಹುಡುಕುತ್ತದೆ. ಕೊನೆಯ ಸ್ಲ್ಯಾಷ್ ಬಿಟ್ಟರೆ ಹಳೆಯ ಆವೃತ್ತಿಗಳಲ್ಲಿ ‘ಅಪ್‌ಲೋಡ್ಸ್’ ಒಂದು ಫೈಲ್ ಎಂದೇ ಲೆಕ್ಕ. ಆಗ ಹುಡುಕಾಟ ‘/ಡೇಟಾ/’ದಲ್ಲಿ ನಡೆಯುತ್ತದೆ, ನಿಮಗೆ ಬರೀ 404 (‘ಫೈಲ್ ಸಿಗಲಿಲ್ಲ’ ಎಂಬ ಉತ್ತರ) ಸಿಗುತ್ತದೆ. ವಿಂಡೋಸ್‌ನಲ್ಲೂ ಮುಂದಕ್ಕೆ ವಾಲಿದ ಸ್ಲ್ಯಾಷನ್ನೇ ಬಳಸಿ. ಸೆಟ್ಟಿಂಗ್ ಬರೆಯುವ ಪ್ರಾಪರ್ಟೀಸ್ ಫೈಲಿನಲ್ಲಿ ಹಿಂದಕ್ಕೆ ವಾಲಿದ್ದಕ್ಕೆ ಬೇರೆಯೇ ಅರ್ಥ.

‘./ಅಪ್‌ಲೋಡ್ಸ್’ ಎಂಬ ಅರ್ಧ ದಾರಿಯಂತೂ ಬೇಡವೇ ಬೇಡ. ಅದು ಆ್ಯಪ್ ಯಾವ ಫೋಲ್ಡರ್‌ನಿಂದ ಶುರುವಾಯಿತು ಎಂಬುದರ ಮೇಲೆ ಬದಲಾಗುತ್ತದೆ. ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನಡೆಸುವ ವ್ಯವಸ್ಥೆ) ಮೂಲಕ ಸರ್ವಿಸ್ ಆಗಿ ಓಡಿಸಿದರೆ, ಬೇರೆ ಹೇಳದಿದ್ದಾಗ ಅದು ‘/’ ಎಂಬ ರೂಟ್‌ನಿಂದಲೇ ಶುರು. ಪೂರ್ತಿ ದಾರಿ ಬರೆಯಿರಿ. ಅದನ್ನು ಕೋಡ್‌ನಲ್ಲಿ ಹೂತಿಡದೆ ಸೆಟ್ಟಿಂಗ್‌ನಲ್ಲಿಡಿ.

ಕೋಡೇ ಬರೆಯದೆ ‘ಸ್ಟ್ಯಾಟಿಕ್-ಲೊಕೇಶನ್ಸ್’ ಸೆಟ್ಟಿಂಗ್‌ನಲ್ಲಿ ಮುಗಿಸುವ ಅಡ್ಡದಾರಿಯೂ ಇದೆ. ನನಗೆ ಇಷ್ಟವಿಲ್ಲ. ಅದು ಮೊದಲಿನ ಜಾಗಗಳಿಗೆ ಸೇರುವುದಿಲ್ಲ, ಅವುಗಳನ್ನೇ ತೆಗೆದುಹಾಕುತ್ತದೆ. ಸೈಟಿನ ಸಿಎಸ್‌ಎಸ್ ಇದ್ದಕ್ಕಿದ್ದಂತೆ ಮಾಯವಾದರೆ ಮೊದಲು ಇಲ್ಲಿ ನೋಡಿ. ಸ್ಪ್ರಿಂಗ್ ಬೂಟ್‌ನ 2.4ನೇ ಆವೃತ್ತಿಯಲ್ಲಿ ಈ ಸೆಟ್ಟಿಂಗ್‌ನ ಹೆಸರೂ ಬದಲಾಗಿದೆ, ಹಳೆಯ ಪಾಠಗಳನ್ನು ನಕಲು ಮಾಡುವವರು ಗಮನಿಸಿ. ‘ಎನೇಬಲ್‌ವೆಬ್‌ಎಂವಿಸಿ’ ಎಂಬ ಗುರುತನ್ನೂ (ಅನೊಟೇಶನ್) ಕ್ಲಾಸ್ ಮೇಲೆ ಸುಮ್ನೆ ಸೇರಿಸಬೇಡಿ. ಸ್ಪ್ರಿಂಗ್ ಬೂಟ್ ತಾನೇ ಮಾಡಿಕೊಡುವ ವೆಬ್ ಜೋಡಣೆಯನ್ನು ಅದು ನಿಲ್ಲಿಸಿಬಿಡುತ್ತದೆ.

ಮೂರನೆಯದು ಅನುಮತಿ. ಆ್ಯಪ್ ಓಡಿಸುವ ಯೂಸರ್‌ಗೆ ಫೈಲ್ ಓದುವ ಹಕ್ಕಿದ್ದರೆ ಸಾಲದು. ದಾರಿಯಲ್ಲಿ ಬರುವ ಪ್ರತಿಯೊಂದು ಫೋಲ್ಡರನ್ನೂ ದಾಟುವ ಹಕ್ಕು ಬೇಕು. ತಲೆ ಬಿಸಿಯಾಗಿ 777 (ಎಲ್ಲರಿಗೂ ಎಲ್ಲ ಹಕ್ಕು) ಹಾಕುವವರಿದ್ದಾರೆ, ದಯವಿಟ್ಟು ಬೇಡ. ಲಾಗಿನ್, ಹಕ್ಕು ನೋಡಿಕೊಳ್ಳುವ ಸ್ಪ್ರಿಂಗ್ ಸೆಕ್ಯುರಿಟಿ ಇದ್ದರೆ ‘/ಫೈಲ್ಸ್/’ ವಿಳಾಸವನ್ನು ಯಾರು ನೋಡಬಹುದು ಎಂದು ಅಲ್ಲೂ ಹೇಳಬೇಕು.

ಇನ್ನೊಂದು ಮಾತು. ಫೈಲ್ ಹೆಸರನ್ನು ಫೋಲ್ಡರ್ ಹೆಸರಿಗೆ ಅಂಟಿಸಿ ಕಳಿಸುವ ಕಂಟ್ರೋಲರನ್ನು (ಬ್ರೌಸರ್ ಕೇಳಿದ್ದಕ್ಕೆ ಉತ್ತರ ಕೊಡುವ ಕೋಡ್) ನೀವೇ ಬರೆಯಬೇಡಿ. ಹೆಸರಿನ ಜಾಗದಲ್ಲಿ ‘../’ (ಒಂದು ಫೋಲ್ಡರ್ ಮೇಲಕ್ಕೆ ಹೋಗು ಎಂದರ್ಥ) ಬಂದರೆ ಸರ್ವರಿನ ಬೇರೆ ಫೈಲ್‌ಗಳೂ ಹೊರಗೆ ಹೋಗುತ್ತವೆ. ರಿಸೋರ್ಸ್ ಹ್ಯಾಂಡ್ಲರ್ ಇದನ್ನು ತಾನೇ ತಡೆಯುತ್ತದೆ. ಬರೆಯಲೇಬೇಕಾದರೆ ದಾರಿಯನ್ನು ನಾರ್ಮಲೈಸ್ ಮಾಡಿ (‘../’ಗಳನ್ನು ಬಿಡಿಸಿ), ಅದು ನಿಮ್ಮ ಫೋಲ್ಡರ್ ಒಳಗೇ ಇದೆಯೇ ಎಂದು ‘ಪಾತ್’ ಕ್ಲಾಸ್‌ನಿಂದ ಪರೀಕ್ಷಿಸಿ. ಬರೀ ಅಕ್ಷರ ಹೋಲಿಸಿದರೆ ‘ಅಪ್‌ಲೋಡ್ಸ್-ಹಳೆಯದು’ ಕೂಡ ಪಾಸಾಗುತ್ತದೆ, ಅಲ್ವಾ?

ಕೊನೆಗೆ ಪರೀಕ್ಷೆ. ಬ್ರೌಸರ್ ಹಳೆಯ ಪ್ರತಿ ತೋರಿಸಬಹುದು, ಟರ್ಮಿನಲ್‌ನಿಂದ ವಿಳಾಸ ಕೇಳುವ ಕರ್ಲ್‌ನಿಂದ ನೋಡಿ. ಚಿತ್ರಕ್ಕೆ 200 (‘ಸರಿ’ ಎಂಬ ಉತ್ತರ) ಬರಬೇಕು, ಕಂಟೆಂಟ್ ಟೈಪ್ (ಫೈಲ್ ಯಾವ ಬಗೆಯದು ಎಂಬ ಗುರುತು) ಸರಿಯಿರಬೇಕು. ಲಿನಕ್ಸ್‌ನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ ಎಂಬುದೂ ನೆನಪಿರಲಿ. ಆಮೇಲೆ ‘../’ ಹಾಕಿಯೂ ಕೇಳಿ. ಕರ್ಲ್ ಅದನ್ನು ತಾನೇ ಸರಿಮಾಡಿ ಕಳಿಸುತ್ತದೆ, ಆದ್ದರಿಂದ ‘ಪಾತ್-ಆ್ಯಸ್-ಈಸ್’ ಆಯ್ಕೆ ಕೊಡಿ. ಹೊರಗಿನ ಫೈಲ್ ಬಂದರೆ ಸರ್ವರನ್ನು ಅಲ್ಲೇ ನಿಲ್ಲಿಸಿ, ಎರಡನೆಯ ಹಂತಕ್ಕೆ ವಾಪಸ್ ಹೋಗಿ.