ವಯಸ್ಕರಿಗೆ ಕನ್ನಡ ಕಲಿಸುವುದನ್ನು ವ್ರತವಾಗಿ ಕೈಗೊಂಡವರಿಗೆ

ಬೆಂಗಳೂರಿಗೆ ದುಡಿಯಲು ಬಂದ ವಯಸ್ಕರಿಗೆ ಕನ್ನಡ ಕಲಿಸುವುದನ್ನು ಸಂಬಳದ ಕೆಲಸಕ್ಕಿಂತ ಹೆಚ್ಚಿನದೆಂದು ಭಾವಿಸುವವರು, ಮೊದಲ ತರಗತಿಯಲ್ಲಿ ವರ್ಣಮಾಲೆಯನ್ನು ಬದಿಗಿಟ್ಟು, ಕಲಿಯುವವರು ದಿನವೂ ಯಾರೊಡನೆ, ಯಾವುದಕ್ಕಾಗಿ ಮಾತನಾಡಬೇಕಾಗುತ್ತದೆ ಎಂಬುದನ್ನು ಕೇಳಿ ಬರೆದುಕೊಳ್ಳಬೇಕು. ತರಕಾರಿ ಕೊಳ್ಳುವವರಿಗೆ ‘ನನಗೆ ಅರ್ಧ ಕೆ.ಜಿ. ಬೀನ್ಸ್ ಬೇಕು’ ಎಂಬ ಒಂದು ವಾಕ್ಯ ರೂಢಿಯಾದರೆ, ಚತುರ್ಥಿ ವಿಭಕ್ತಿಯ ಹೆಸರೆತ್ತದೆಯೇ ಅದನ್ನು ‘ಅವರಿಗೆ ಬೇಕು’, ‘ಮಗುವಿಗೆ ಬೇಡ’ ಎಂದು ಬೆಳೆಸಬಹುದು. ‘ಹೋಗುತ್ತೇನೆ’ ಎಂಬ ಗ್ರಂಥರೂಪಕ್ಕಿಂತ ಮೊದಲು ಬೀದಿಯಲ್ಲಿ ಕೇಳಿಬರುವ ‘ಹೋಗ್ತೀನಿ’ಯನ್ನೇ ಕಲಿಸಿರಿ, ಲಿಪಿ ಆಮೇಲೆ ಬಸ್ಸಿನ ಫಲಕಗಳಿಂದ ಬರಲಿ. ತಪ್ಪನ್ನು ಮಾತಿನ ನಡುವೆ ತಿದ್ದದೆ, ವಾಕ್ಯ ಮುಗಿದ ಮೇಲೆ ಸರಿಯಾದ ರೂಪವನ್ನು ನೀವೇ ಸಹಜವಾಗಿ ಹೇಳಿದರೆ ಸಾಕು. ದೊಡ್ಡವರು ಎಷ್ಟೋ ಸಲ ಕಲಿಕೆಯನ್ನು ಬಿಡುವುದು ನಾಚಿಕೆಯಿಂದ. ಹಾಗೆ ಬಿಟ್ಟವರಿಗೆ ಫೋನ್ ಮಾಡಿ ವಿಚಾರಿಸುವುದೂ ಬೋಧಕರ ಕರ್ತವ್ಯವೇ ಎಂದು ನಾನು ದೃಢವಾಗಿ ನಂಬಿದ್ದೇನೆ.